ಬೇಡ ಅನ್ನುವುದನ್ನು ಕಲಿಸಿದವಳು

ಲಾಂಡ್ರಿಯವನನ್ನು ಬೀದಿಯವರೆಲ್ಲ ಆಯ್ತಣ್ಣ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿಗೆ ಮಾತ್ರ ಗೊತ್ತು. ಯಾರು ಏನು ಕೇಳಿದರೂ ಅವನ ಬಾಯಿಂದ ಬರುವುದು ಒಂದೇ ಮಾತು, ಆಯ್ತು. ನಾಳೆ ಬೆಳಿಗ್ಗೆಗೇ ಕೋಟು ಬೇಕು ಅಂದರೆ ಆಯ್ತು. ದುಡ್ಡು ಆಮೇಲೆ ಕೊಡ್ತೀನಿ ಅಂದರೂ ಆಯ್ತು. ಅವನ ಹೆಂಡತಿ ಇಸ್ತ್ರಿ ಮೇಜಿನ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತ, ನಾಲಿಗೆ ತುದಿಗೆ ಬಂದ ಬೈಗುಳವನ್ನೆಲ್ಲ ಇಸ್ತ್ರಿಪೆಟ್ಟಿಗೆಯ ಕೆಳಗೇ ಒತ್ತಿಬಿಡುತ್ತಿದ್ದಳು.

ಇಂಥ ಗಿರಾಕಿ ಸಿಕ್ಕಿದರೆ ಬ್ಯಾಂಕಿನವರು ಬಿಡುತ್ತಾರೆಯೇ? ಒಳಗಿಡಲು ಏನೂ ಇಲ್ಲದ ಲಾಕರ್ ಒಂದನ್ನು ಅವನ ತಲೆಗೆ ಕಟ್ಟಿದ್ದರು. ಯಾವತ್ತೂ ಉಜ್ಜದ ಕಾರ್ಡ್ ಒಂದಿತ್ತು. ಕೈಕಾಲು ಮುರಿದರೆ ದುಡ್ಡು ಬರುತ್ತದೆ ಅನ್ನುವ ಪಾಲಿಸಿಯೂ ಇತ್ತು. ಎಷ್ಟು ಮುರಿಯಬೇಕು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಈಗ ಹೊಸದಾಗಿ, ಅಂಗಡಿಯ ಕರೆಂಟ್ ಅಕೌಂಟನ್ನು ದೊಡ್ಡ ದರ್ಜೆಗೆ ಏರಿಸಿಕೊಳ್ಳಿ ಅಂತ ದಿನಾ ಫೋನು. ಅವನು ದಿನಾ ಆಯ್ತು ಅನ್ನುತ್ತಿದ್ದ. ಒಂದು ಮಧ್ಯಾಹ್ನ ಬ್ಯಾಂಕಿನ ಹುಡುಗಿಯೇ ಅಂಗಡಿಗೆ ಬಂದಳು.

ಬಿಸಿಲಲ್ಲಿ ನಡೆದು ಬಂದಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಭಾರದ ಚೀಲ, ಒಂದು ಚಪ್ಪಲಿಯ ಪಟ್ಟಿ ಕಿತ್ತು ಪಿನ್ನು ಹಾಕಿದ್ದು. ಲಾಂಡ್ರಿಯವನು ಲಾಡ್ಜಿನ ಬೆಡ್‌ಶೀಟಿನ ಗಂಟನ್ನು ಸರಿಸಿ ಕುರ್ಚಿ ಕೊಟ್ಟ. ಕೂತವಳೇ ಗಿಳಿಪಾಠ ಒಪ್ಪಿಸಿದಳು. ಚೆಕ್ ಪುಸ್ತಕ ಪುಕ್ಕಟೆ, ದುಡ್ಡು ಕಟ್ಟೋಕೂ ಕಳಿಸೋಕೂ ಶುಲ್ಕ ಇಲ್ಲ, ವಿಮಾನ ನಿಲ್ದಾಣದಲ್ಲಿ ಮೆತ್ತನೆ ಸೋಫಾದ ಮೇಲೆ ಕೂತು ಕಾಫಿ ಕುಡಿಯಬಹುದು.

“ವಿಮಾನ ಹತ್ತದೇ ಇದ್ರೂ ಕುಡೀಬಹುದಾ?” ಅಂತ ಹೆಂಡತಿ ಒಳಗಿನಿಂದಲೇ ಕೇಳಿದಳು.

ಹುಡುಗಿ ಅರ್ಜಿ ತೆಗೆಯಲು ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದ್ದ ಹೆಂಡತಿಯ ತಾಯಿ, “ಕರೆಂಟ್ ಬಂತಾ?” ಅಂದರು.

“ಹೋಗೇ ಇಲ್ಲ ಅಮ್ಮ. ಇದು ಬ್ಯಾಂಕಿನ ಕರೆಂಟು.”

“ಅದೂ ಹೋಗುತ್ತಾ?”

“ಇವರ ಕೈಗೆ ಕೊಟ್ರೆ ಹೋಗುತ್ತೆ,” ಅಂದಳು ಮಗಳು. ಯಾರ ಕೈಗೆ ಅಂತ ಬಿಡಿಸಿ ಹೇಳಲಿಲ್ಲ. ಮೂಗಿಗೆ ತುಪ್ಪ ಸವರುವ ಈ ಹುಡುಗಿಯನ್ನು ಎದ್ದು ಹೋಗು ಅನ್ನಲು ಅವಳ ಬಾಯಿ ತುರಿಸುತ್ತಿತ್ತು. ಗಂಡ ಆಗಲೇ ಕೋಲೆಬಸವನ ಹಾಗೆ ತಲೆಯಾಡಿಸುತ್ತ ಸಹಿ ಹಾಕಲು ಪೆನ್ನು ತೆಗೆದುಕೊಂಡಿದ್ದ.

ಆಗ ಫೋನು ಬಂತು. ಲಾಡ್ಜಿನ ಗುಮಾಸ್ತ. ಈ ತಿಂಗಳು ವ್ಯಾಪಾರ ಇಲ್ಲ, ಬಿಲ್ಲಿನ ದುಡ್ಡು ಮುಂದಿನ ತಿಂಗಳು ಅಂದ. ಲಾಂಡ್ರಿಯವನು “ಆಯ್ತು, ಪರವಾಗಿಲ್ಲ” ಅಂತ ಫೋನಿಟ್ಟ.

ಹುಡುಗಿ ಕೇಳಿದಳು, “ಸರ್, ಹೀಗೆ ಆಗಾಗ ಆಗುತ್ತಾ?”

ಉತ್ತರ ಕೊಟ್ಟದ್ದು ಹೆಂಡತಿ. “ಜನ ಓಡಾಡೋ ಕಾಲದಲ್ಲಿ ಲಾಡ್ಜ್ ತುಂಬುತ್ತೆ, ನಮ್ಮ ಹೊಟ್ಟೆನೂ ತುಂಬುತ್ತೆ. ಮಿಕ್ಕ ದಿನ ಅಕೌಂಟು ತಳ ಕಾಣುತ್ತೆ.”

ಹುಡುಗಿ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಕೈಚಾಚಿ ಲಾಂಡ್ರಿಯವನ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು.

“ಇದು ನಿಮಗೆ ಬೇಡ ಸರ್. ಇದರಲ್ಲಿ ಯಾವಾಗಲೂ ದೊಡ್ಡ ಮೊತ್ತ ಇಟ್ಟಿರಬೇಕು. ಕಮ್ಮಿ ಆದ್ರೆ ತಿಂಗಳು ತಿಂಗಳು ದಂಡ. ಈಗಿರೋ ಅಕೌಂಟೇ ನಿಮಗೆ ಸರಿ. ಆ ಲಾಕರ್ ಕೂಡ ವಾಪಸ್ ಕೊಟ್ಟುಬಿಡಿ.”

ಒಳಗೆ ಇಸ್ತ್ರಿ ನಿಂತಿತು. ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಏನಮ್ಮ ಇದು, ಬಲೆಗೆ ಬಿದ್ದ ಮೀನನ್ನ ನೀನೇ ನೀರಿಗೆ ಬಿಡ್ತೀಯಲ್ಲ?”

“ಹೀಗೇ ಒಬ್ಬರಿಗೆ ಮಾಡಿಸಿಬಿಟ್ಟೆ ಅಕ್ಕ. ಈಗ ಅವರು ಬ್ಯಾಂಕಿಗೆ ಬಂದ್ರೆ ನಾನು ಕಂಬದ ಹಿಂದೆ ನಿಂತ್ಕೋತೀನಿ. ಬ್ಯಾಂಕಲ್ಲಿ ಇರೋದೇ ಎರಡು ಕಂಬ.” ನಗಲು ಹೋದಳು, ನಗು ಬರಲಿಲ್ಲ. “ಆದ್ರೆ ಸರ್, ನಾನು ಬಿಟ್ರೂ ಮ್ಯಾನೇಜರ್ ಬಿಡಲ್ಲ. ಕರೆಸ್ತಾರೆ. ನೀವು ಬೇಡ ಅನ್ನಬೇಕು.”

“ಅದೇ ಬರಲ್ಲಮ್ಮ ನನಗೆ,” ಅಂದ ಲಾಂಡ್ರಿಯವನು. ಕಣ್ಣು ಕಾಣಲ್ಲ, ಕಿವಿ ಕೇಳಲ್ಲ ಅನ್ನುವಷ್ಟೇ ಸಹಜವಾಗಿ ಹೇಳಿದ.

ಹುಡುಗಿ ಎದ್ದು ನಿಂತು ಕೈ ಹಿಂದೆ ಕಟ್ಟಿ ಮ್ಯಾನೇಜರಾದಳು. “ಬನ್ನಿ ಸರ್, ನಿಮ್ಮಂಥವರಿಗೇ ಅಂತ ಮಾಡಿರೋದು ಇದು. ಮಾಡಿಸೋಣವಾ?”

“ಬೇಡ,” ಅಂದ ಅವನು. “ಸದ್ಯಕ್ಕೆ.”

“ಸದ್ಯಕ್ಕೆ ಅನ್ನಬೇಡಿ. ನಮ್ಮಲ್ಲಿ ಸದ್ಯಕ್ಕೆ ಅಂದ್ರೆ ಮುಂದಿನ ವಾರ ಫೋನ್ ಮಾಡಿ ಅಂತ ಅರ್ಥ.”

“ನೋಡೋಣ ಅಂದ್ರೆ?”

“ಮನೆಗೇ ಬರ್ತೀವಿ.”

“ಹೆಂಡತೀನ ಕೇಳಬೇಕು ಅಂದ್ರೆ?”

“ಅವರ ಹೆಸರಲ್ಲೂ ಒಂದು ಅಕೌಂಟ್ ಮಾಡಿಸ್ತೀವಿ.”

ಹೆಂಡತಿ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಅಂಗಡಿಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅವನು ಮತ್ತೆ ಮತ್ತೆ ಬೇಡ ಅಂದ. ಮೊದಮೊದಲು ಕ್ಷಮೆ ಕೇಳುವವನ ಹಾಗೆ, ಆಮೇಲೆ ಜ್ವರ ಬಂದವನ ಹಾಗೆ, ಕಡೆಗೊಮ್ಮೆ ಮನುಷ್ಯರ ಹಾಗೆ.

ಆ ಸಂಜೆ ಗಂಡ ಹೆಂಡತಿ ಲಾಡ್ಜಿನ ಬೆಡ್‌ಶೀಟುಗಳನ್ನು ಮಡಿಸುತ್ತಿದ್ದರು. ಒಂದೊಂದು ತುದಿ ಒಬ್ಬೊಬ್ಬರು ಹಿಡಿದು, ಎಳೆದು, ಎದುರು ಬದುರು ನಡೆದು ಬರುವ ಕೆಲಸ. ಗಂಡ ತನ್ನಷ್ಟಕ್ಕೆ ‘ಬೇಡ, ಬೇಡ’ ಅಂತ ಗೊಣಗುತ್ತಲೇ ಇದ್ದ. ಕೇಳುತ್ತ ಕೇಳುತ್ತ ಹೆಂಡತಿಗೆ ಏನೋ ಕಸಿವಿಸಿಯಾಯಿತು. ತನ್ನ ಅಣ್ಣ ತಾಯಿಯನ್ನು ಇಟ್ಟುಕೊಳ್ಳಲಾರೆ ಅಂದ ದಿನ ಅವಳು ಗಂಡನಿಗೆ ಒಂದು ಮಾತೂ ಹೇಳದೆ ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದಳು. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡೇ ಬಂದಿದ್ದಳು. ಅವನು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ, ಆಯ್ತು, ಒಳಗೆ ಬನ್ನಿ ಅಂದಿದ್ದ. ಕಿಟಕಿಯಿರುವ ಒಂದೇ ಕೋಣೆಯನ್ನು ಅವತ್ತೇ ಖಾಲಿ ಮಾಡಿಕೊಟ್ಟಿದ್ದ. ಜೋಡಿಸಿಕೊಂಡು ಬಂದ ಮಾತೆಲ್ಲ ಕೆಲಸಕ್ಕೆ ಬಾರದೆ ಹೋಗಿತ್ತು. ಆಮೇಲೆ ಅದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ.

“ರೀ, ಅಮ್ಮನ್ನ ಕರ್ಕೊಂಡು ಬಂದ ದಿನ ನೀವು ಬೇಡ ಅಂದಿದ್ರೆ ನಾನು ಏನು ಮಾಡ್ತಿದ್ದೆನೋ ಗೊತ್ತಿಲ್ಲ,” ಅಂದಳು.

ಅವನಿಗೆ ನಾಚಿಕೆಯಾಯಿತು. “ಅದಕ್ಕೇನೀಗ. ತುದಿ ಸರಿಯಾಗಿ ಹಿಡ್ಕೋ, ಸೊಟ್ಟ ಆಗ್ತಿದೆ.”

“ಬ್ಯಾಂಕಿನವರ ಮುಂದೆ ಮಾತ್ರ ಕಲೀರಿ. ಮನೇಲಿ ಕಲೀಬೇಡಿ,” ಅಂದಳು ಅವಳು.

ಹುಡುಗಿ ಹೇಳಿದಂತೆಯೇ ಮ್ಯಾನೇಜರ್ ಕರೆಸಿದರು. ಇಬ್ಬರೂ ಹೋದರು. ಮ್ಯಾನೇಜರ್ ಕೆಟ್ಟವರೇನಲ್ಲ, ಅವರ ತಲೆ ಮೇಲೂ ಯಾರೋ ಕೂತಿದ್ದರು. ಬಣ್ಣ ಬಣ್ಣವಾಗಿ ಹೇಳಿದರು. ಲಾಂಡ್ರಿಯವನ ಕುತ್ತಿಗೆಯಿಂದ ಬೆವರಿಳಿಯಿತು. ಹೆಂಡತಿ ತುಟಿ ಕಚ್ಚಿಕೊಂಡು ಕೂತಳು. ಇವತ್ತು ತಾನು ಬಾಯಿ ಹಾಕಬಾರದು ಅಂತ ಅವಳಿಗೆ ಗೊತ್ತಿತ್ತು.

“ಬೇಡ ಸರ್,” ಅಂದ ಅವನು. “ಹಾಸಿಗೆ ಇದ್ದಷ್ಟು ಕಾಲು ಚಾಚೋನು ನಾನು. ಲಾಕರ್ ಕೂಡ ಬೇಡ.”

ಮ್ಯಾನೇಜರ್ ಇನ್ನೊಂದು ಸುತ್ತು ಹೇಳಿ ನೋಡಿದರು. ಅವನು ಇನ್ನೊಂದು ಸಲ ಬೇಡ ಅಂದ. ಕೊನೆಗೆ ಮ್ಯಾನೇಜರೇ “ಆಯ್ತು ಬಿಡಿ” ಅಂದರು. ಹೆಂಡತಿ ಹೊರಗೆ ಬರುವ ತನಕ ನಗು ತಡೆದುಕೊಂಡಳು.

ಆದರೆ ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತಮ್ಮನ್ನು ಬಿಟ್ಟದ್ದಕ್ಕೆ ಆ ಹುಡುಗಿ ಬೈಸಿಕೊಳ್ಳುತ್ತಾಳೆ ಅನ್ನುವುದು ಕಾಲಿಗೆ ಮುಳ್ಳು ಚುಚ್ಚಿದ ಹಾಗಿತ್ತು. ಹಿಂದಿನ ಬೀದಿಯಲ್ಲಿ ಪೈಪು ನಲ್ಲಿಗಳ ಸಗಟು ಅಂಗಡಿಯಿತ್ತು. ಅದರ ಯಜಮಾನಿ ಬಟ್ಟೆ ಕೊಡಲು ಬಂದಾಗಲೆಲ್ಲ, ದಿನದ ದುಡ್ಡು ಕಟ್ಟಿದರೆ ಬ್ಯಾಂಕು ಅದಕ್ಕೂ ಶುಲ್ಕ ಹಿಡಿಯುತ್ತದೆ ಅಂತ ಗೋಳಾಡುತ್ತಿದ್ದಳು. ಲಾಂಡ್ರಿಯವನ ಹೆಂಡತಿ ಹುಡುಗಿಯನ್ನು ಕರೆದುಕೊಂಡು ಅಲ್ಲಿಗೇ ಹೋದಳು.

“ಬೇಡದೋರಿಗೆ ಬೇಡ ಅಂತ ಹೇಳೋ ಹುಡುಗಿ ಇವಳು,” ಅಂತ ಪರಿಚಯ ಮಾಡಿಸಿದಳು. “ನಿಮಗೆ ಬೇಕು ಅಂದ್ರೆ ನಿಜವಾಗಿ ಬೇಕು ಅಂತಲೇ ಲೆಕ್ಕ.”

ಯಜಮಾನಿ ನೂರೆಂಟು ಪ್ರಶ್ನೆ ಕೇಳಿದಳು. ಹುಡುಗಿ ಗಿಳಿಪಾಠ ಬಿಟ್ಟು ನೇರವಾಗಿ ಉತ್ತರ ಕೊಟ್ಟಳು, ದಂಡದ ವಿಷಯವನ್ನೂ ಸೇರಿಸಿ. ಆ ದೊಡ್ಡ ಅಕೌಂಟು ಆ ಅಂಗಡಿಗೆ ಅಳೆದು ಹೊಲಿದ ಹಾಗಿತ್ತು. ಯಜಮಾನಿ ಮಾಡಿಸಿಕೊಂಡಳು, ಎದುರಿನ ಬಣ್ಣದ ಅಂಗಡಿಯವನಿಗೂ ಹೇಳಿದಳು.

ಕೆಲವು ದಿನಗಳಾದ ಮೇಲೆ ಹುಡುಗಿ ಲಾಂಡ್ರಿಗೆ ಬಂದಳು. ಚೀಲ ಕೆಳಗಿಟ್ಟು, “ನಿಮ್ಮಿಂದ ಈ ತಿಂಗಳು ಬೈಗುಳ ತಪ್ಪಿತು ಅಕ್ಕ. ಅದನ್ನ ಹೇಳೋಕೇ ಬಂದೆ,” ಅಂದಳು.

“ನಿನ್ನಿಂದ ನಮಗೆ ತಪ್ಪಿದ್ದೇನು ಕಮ್ಮಿನಾ?” ಅಂತ ಹೆಂಡತಿ ಒಳಗೆ ಹೋದಳು. ಅವಳ ತಾಯಿ ಮಂಚದಿಂದಲೇ, “ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ” ಅಂದರು.

ಹೆಂಡತಿ ಟೀ ಲೋಟ ಹಿಡಿದು ಬರುವಷ್ಟರಲ್ಲಿ ಹುಡುಗಿ ಕುರ್ಚಿಯಲ್ಲೇ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಲಾಂಡ್ರಿಯವನು ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ. ಆಗಲೇ ಗಿರಾಕಿಯೊಬ್ಬ ಜೋರು ದನಿಯಲ್ಲಿ ತನ್ನ ಕೋಟು ಕೇಳುತ್ತ ಬಂದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ಅವನು ಹುಡುಗಿಯ ಕಡೆ ನೋಡಿದ, ದನಿ ಇಳಿಸಿದ, ಕೋಟು ತೆಗೆದುಕೊಂಡು ಮೆಲ್ಲಗೆ ಹೊರಟುಹೋದ.