ಸೊಸೆಯ ದನಿ ಕೇಳಲು ತಂದ ಪೆಟ್ಟಿಗೆ

ಆಕೆ ಧಾರಾವಾಹಿಗಳಿಗೆ ದನಿ ಕೊಡುವವಳು. ಪರದೆಯ ಮೇಲೆ ಪರಭಾಷೆಯ ನಟಿ ಬಾಯಿ ಆಡಿಸಿದರೆ, ಇವಳು ಗಾಜಿನ ಕೋಣೆಯಲ್ಲಿ ನಿಂತು ತನ್ನ ಭಾಷೆಯಲ್ಲಿ ಅಳಬೇಕು, ಬೈಯಬೇಕು. ಈಗ ಸಿಕ್ಕಿದ್ದು ಮನೆಮುರುಕಿ ನಾದಿನಿಯ ಪಾತ್ರ. ಇರುವೆ ಸತ್ತರೂ ಮರುಗುವ ಹೆಂಗಸು ಅಲ್ಲಿ ಹಾವಿನಂತೆ ಬುಸುಗುಡುತ್ತಿದ್ದಳು.

ಮನೆಯಲ್ಲಿ ಮಾತ್ರ ಆ ಧಾರಾವಾಹಿಯನ್ನು ಯಾರೂ ನೋಡುತ್ತಿರಲಿಲ್ಲ. ಅದು ಬರುತ್ತಿದ್ದ ಆ್ಯಪ್‌ಗೆ ಬೇರೆಯೇ ಚಂದಾ. ಕ್ರಿಕೆಟ್ಟಿಗೊಂದು, ಸಿನಿಮಾಕ್ಕೊಂದು ಎಂದು ಕಟ್ಟಿ ಸಾಕಾಗಿದ್ದ ಗಂಡ ಇನ್ನೊಂದಕ್ಕೆ ಕೈಮುಗಿದಿದ್ದ.

ಒಂದು ಸಂಜೆ ಬೇಗ ಬಂದವಳಿಗೆ ನಡುಮನೆಯಿಂದ ತನ್ನದೇ ಬೈಗುಳ ಕೇಳಿಸಿತು. ಮಾವ ಟೀವಿ ಮುಂದೆ ಮೈಮರೆತು ಕೂತಿದ್ದರು. ಪಕ್ಕದಲ್ಲಿ ಅಂಗೈಯಗಲದ ಕಪ್ಪು ಪೆಟ್ಟಿಗೆ. ಸಂತೆಯಲ್ಲಿ ಸಿಕ್ಕಿತಂತೆ, ಒಂದೇ ಸಲ ದುಡ್ಡು ಕೊಟ್ಟರೆ ಲೋಕದ ಚಾನೆಲ್ಲೆಲ್ಲ ಬರುತ್ತವಂತೆ. ಮಾತು ಮೊದಲು ಬರುತ್ತಿತ್ತು, ತುಟಿ ಆಮೇಲೆ ಅಲ್ಲಾಡುತ್ತಿತ್ತು. ಚಂದಾ ಕಟ್ಟದೆ ಕದ್ದು ತೋರಿಸುವ ಮಾಲು ಎಂದು ಅವಳಿಗೆ ಕೂಡಲೇ ತಿಳಿಯಿತು. ಹೋದ ವರ್ಷ ಹೀಗೇ ಕಳ್ಳದಾರಿಯಲ್ಲಿ ನೋಡಿದವರೇ ಹೆಚ್ಚಾಗಿ ಒಂದು ಧಾರಾವಾಹಿ ಅರ್ಧಕ್ಕೇ ನಿಂತು, ಅವಳ ಕೆಲಸವೂ ಹೋಗಿತ್ತು. ಆದರೂ ಮಾವನ ಮುಖದ ಹಿಗ್ಗು ಕಂಡು ಮಾತು ನುಂಗಿಕೊಂಡಳು.

ಕೆಲವು ದಿನಗಳಲ್ಲೇ ಮನೆಯ ಇಂಟರ್ನೆಟ್ ಆಮೆಯಂತೆ ತೆವಳತೊಡಗಿತು. ನೋಡಲು ಬಂದ ಕಂಪನಿಯವನು ಎಲ್ಲ ತಡಕಾಡಿ, ಕೊನೆಗೆ ಪೆಟ್ಟಿಗೆಯನ್ನೇ ಕಿತ್ತಿಟ್ಟ. ಇದರ ಮೂಲಕ ಯಾರೋ ನಿಮ್ಮ ಮನೆಯ ಹೆಸರಲ್ಲಿ ಕಂಡಕಂಡವರಿಗೆಲ್ಲ ಮೋಸದ ಸಂದೇಶ ಕಳಿಸುತ್ತಿದ್ದಾರೆ, ಪೊಲೀಸರು ಬಂದರೆ ಈ ಬಾಗಿಲಿಗೇ ಬರುತ್ತಾರೆ ಎಂದ. ಮಾವನ ಮುಖ ಬಾಡಿತು. ಜೀವಮಾನವೆಲ್ಲ ಟಿಕೆಟ್ ಕೊಳ್ಳದವರನ್ನು ಬಸ್ಸಿನಿಂದ ಇಳಿಸಿದ ಕಂಡಕ್ಟರು ಅವರು.

ಆತ ಹೋದ ಮೇಲೆ ಅವಳು ಕೆಲಸ ಹೋದ ಕಥೆಯನ್ನೂ ಹೇಳಿದಳು.

"ಮೊದ್ಲೇ ಯಾಕಮ್ಮಾ ಹೇಳ್ಲಿಲ್ಲ?"

"ನೀವು ಅಷ್ಟು ಖುಷಿಯಾಗಿ ನೋಡ್ತಿದ್ರಿ, ಮಾವ."

"ನಿನ್ನ ದನಿ ಕೇಳೋಣ ಅಂತ ತಂದೆ. ನಿನ್ನ ಹೊಟ್ಟೆ ಮೇಲೇ ಹೊಡೀತಿದೀನಿ ಅಂತ ಗೊತ್ತಾಗ್ಲಿಲ್ಲ."

ತನ್ನ ದನಿ ಕೇಳುವ ಆಸೆ ಮನೆಯಲ್ಲಿ ಒಬ್ಬರಿಗಿದೆ ಎಂಬುದು ಅವಳಿಗೂ ಹೊಳೆದಿರಲಿಲ್ಲ. ಆ ವಾರವೇ ಮಾವ ಕ್ರಿಕೆಟ್ಟಿನ ಚಂದಾ ಬಿಡಿಸಿ ಧಾರಾವಾಹಿಯದ್ದು ಹಾಕಿಸಿದರು. ಗಂಡ ಗೊಣಗಿದ, ಎರಡು ಸಂಚಿಕೆ ಮುಗಿಯುವಷ್ಟರಲ್ಲಿ ತಾನೇ ಕುರ್ಚಿ ಎಳೆದುಕೊಂಡು ಕೂತ.

ನಾದಿನಿ ಬಾಗಿಲ ಮರೆಯಲ್ಲಿ ಕದ್ದು ಕೇಳುವ ದೃಶ್ಯ ಬಂತು. ಮಾತಿಲ್ಲ, ಬರೀ ಉಸಿರು.

"ಇದೂ ನೀನೇನಾ?" ಎಂದರು ಮಾವ.

"ಹೂಂ ಮಾವ. ಇಷ್ಟು ಉಸಿರಿಗೇ ಅರ್ಧ ದಿನ ಹಿಡೀತು."

ಮಾವ ರಿಮೋಟ್ ಒತ್ತಿ, ಆ ಉಸಿರನ್ನು ಇನ್ನೊಮ್ಮೆ ಕೇಳಿದರು.