ಹಿತ್ತಿಲ ಗೋಡೆಯ ವಾರಸುದಾರರು

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಕೆಟ್ಟವರಲ್ಲ. ಬಾಯಿ ಜಾಸ್ತಿ, ಕೈ ಬಿಗಿ, ಅಷ್ಟೇ. ಆದರೂ ಅಂಥ ಭಾವ ಶತ್ರುವಿಗೂ ಬೇಡಪ್ಪ.

ನಮ್ಮದು ಇಳಿಜಾರಿನ ಬೀದಿ. ಮಾವ ತೀರಿಕೊಂಡ ಮೇಲೆ ಆಸ್ತಿ ಪಾಲಾಗಿ ಮೇಲಿನ ಮನೆ ಭಾವನಿಗೆ ಹೋಯಿತು, ಕೆಳಗಿನದು ನಮಗೆ ಬಂತು. ನಡುವೆ ಎರಡಾಳೆತ್ತರದ ಕಲ್ಲಿನ ಗೋಡೆ. ಮೇಲಿನ ಮಣ್ಣು ಕೆಳಗೆ ಜಾರದಂತೆ ಮುತ್ತಜ್ಜನ ಕಾಲದಲ್ಲಿ ಕಟ್ಟಿದ್ದು. ಪಾಲು ಮಾಡಿದ ಹಿರಿಯರು ಸೌಟು ಚಮಚವನ್ನೂ ಬಿಡದೆ ಹಂಚಿದರು, ಗೋಡೆಯನ್ನು ಮಾತ್ರ ಮರೆತರು. ಒಂದು ಕಲ್ಲು ಉದುರಿದರೆ ಸಾಕು, ಬಿದ್ದದ್ದು ನಿಮ್ಮ ಹಿತ್ತಿಲಿಗೆ, ಆದ್ದರಿಂದ ಗೋಡೆ ನಿಮ್ಮದು ಎಂದು ಭಾವ ವಾದ ಹೂಡುತ್ತಿದ್ದರು. ಅದು ಹೊತ್ತಿರುವುದು ನಿಮ್ಮ ಮಣ್ಣನ್ನು, ರಿಪೇರಿ ನಿಮ್ಮದೇ ಎಂದು ನಾನೂ ಪಟ್ಟು ಬಿಡುತ್ತಿರಲಿಲ್ಲ. ನಮ್ಮ ಹಗ್ಗಜಗ್ಗಾಟದಲ್ಲಿ ಗೋಡೆ ಹೊಟ್ಟೆ ಬಿಟ್ಟುಕೊಂಡು ಮುಂದಕ್ಕೆ ಬಾಗಿತು.

ಆ ಹೊಟ್ಟೆಯ ಎದುರಿಗೇ ನಮ್ಮ ಮನೆಯ ಹಿಂದಿನ ಕೋಣೆ, ಅಲ್ಲಿ ಅತ್ತೆಯ ಮಂಚ. ನನ್ನ ಗಂಡ ತೀರಿಕೊಂಡ ಮೇಲೂ ಅತ್ತೆ ನನ್ನ ಜೊತೆಯೇ ಉಳಿದರು. ಈಗ ಅವರಿಗೆ ನಡೆಯಲಾಗುವುದಿಲ್ಲ. ಮೇಲಿನ ಮನೆಗೆ ಹತ್ತಿದಷ್ಟೂ ಮೆಟ್ಟಿಲು, ನಮ್ಮ ಮುಂದಿನ ಕೋಣೆ ತುಂಬ ನನ್ನ ಹೊಲಿಗೆ ಮೆಷಿನ್‌ಗಳು, ಗಿರಾಕಿಗಳು; ಮಂಚ ಸರಿಸಲು ಬೇರೆ ಜಾಗವಿಲ್ಲ. ಜೋರು ಮಳೆ ಬಂದರೆ ನಾನು ಜೀವ ಕೈಯಲ್ಲಿ ಹಿಡಿದು ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ.

ಹೀಗಿರುವಾಗ ನಗರಸಭೆಯವರು ಒಂದು ಒಳ್ಳೆಯ ಕೆಲಸ ಮಾಡಿದರು. ಇಂಥ ಹಳೇ ಗೋಡೆಗಳು ಸ್ವಂತ ಜಾಗದಲ್ಲಿದ್ದರೂ ಊರಿನ ಆಸ್ತಿ, ಒಂದು ಬಿದ್ದರೆ ಬೀದಿಯೇ ಜಾರುತ್ತದೆ, ಮಾಲೀಕರು ಅರ್ಜಿ ಹಾಕಿದರೆ ರಿಪೇರಿಯ ಖರ್ಚು ನಗರಸಭೆಯದು ಎಂದು ಸಾರಿದರು. ತಗೊಳ್ಳಿ, ಬೆಳಗಾಗುವುದರೊಳಗೆ ಗೋಡೆ ಭಾವನದಾಯಿತು! ನಾನೇನು ಕಡಿಮೆಯೇ? ನಾನೂ ಅರ್ಜಿ ಹಾಕಿದೆ.

ಎಂಜಿನಿಯರ್ ನೋಡಲು ಬರುವ ಸುದ್ದಿ ಬಂತು. ನಾನು ಬಟ್ಟೆ ತರಲು ಪೇಟೆಗೆ ಹೋಗಿದ್ದಾಗ ಭಾವ ಗಾರೆಯವರನ್ನು ಕರೆಸಿ ಗೋಡೆಗೆ ಪೂರ್ತಿ ಸಿಮೆಂಟ್ ಮೆತ್ತಿಸಿ, ಮೇಲೆ ಬಣ್ಣವನ್ನೂ ಬಳಿಸಿಬಿಟ್ಟರು. ನೆಂಟರು ಬರುತ್ತಾರೆಂದರೆ ಮನೆಗೆ ಸುಣ್ಣ ಬಳಿಯುವುದಿಲ್ಲವೇ, ಇದೂ ಹಾಗೇ ಎಂದು ಅವರ ಲೆಕ್ಕ. ನಿಜ ಹೇಳುತ್ತೇನೆ, ನೋಡಲು ಚೆನ್ನಾಗಿಯೇ ಇತ್ತು.

ಬಂದ ಎಂಜಿನಿಯರ್ ಒಬ್ಬ ಹೆಂಗಸು. ಗೋಡೆ ನೋಡಿದ್ದೇ ಅವರ ಮುಖ ಕಪ್ಪಿಟ್ಟಿತು. ಈ ಕಲ್ಲುಗಳ ಸಂದಿಯಿಂದಲೇ ಮಳೆನೀರು ಹೊರಗೆ ಬರಬೇಕು, ಅದನ್ನೆಲ್ಲ ಮುಚ್ಚಿದ್ದೀರಿ, ನೀರು ಒಳಗೇ ನಿಂತು ದೊಡ್ಡ ಮಳೆಗೆ ಗೋಡೆ ಆ ಕೋಣೆಯ ಮೇಲೆ ಕೂರುತ್ತದೆ ಎಂದರು. ಸಿಮೆಂಟ್ ಹಾಕಿದ ಗೋಡೆಗೆ ಹಣ ಸಿಗುವುದಿಲ್ಲ. ಮಾಲೀಕರು ಕಲ್ಲಿಗೆ ಪೆಟ್ಟಾಗದಂತೆ ಅಷ್ಟನ್ನೂ ಕೆತ್ತಿ ತೆಗೆದರೆ ಮತ್ತೆ ಬಂದು ನೋಡುವೆನೆಂದು ಹೇಳಿ, ಮಾಲೀಕರು ಯಾರು ಎಂದು ಕೇಳಿದರು.

ಭಾವ ಕೆಮ್ಮಿದರು. "ಗೋಡೆ ನಮ್ಮ ತಮ್ಮನ ಹೆಂಡ್ತೀದು. ನಾನು ಸುಮ್ನೆ ಅರ್ಜಿ ಹಾಕಿದ್ದೆ, ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಕೋಣೆಯ ಕಿಟಕಿಯಿಂದ ಅತ್ತೆಯ ದನಿ ಬಂತು.

"ಲೋ ದೊಡ್ಡೋನೇ, ಗೋಡೆ ಯಾರದ್ದಾದ್ರೂ ಆಗ್ಲಿ. ಬೀಳೋದು ನನ್ನ ಮೇಲೆ. ನಾನು ಯಾರವಳು, ಅದನ್ನ ಹೇಳು."

ಭಾವ ತಲೆ ತಗ್ಗಿಸಿ ಚಪ್ಪಲಿಯಿಂದ ಮಣ್ಣು ಕೆದಕತೊಡಗಿದರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ನಾನು ಎಂಜಿನಿಯರ್ ಕಡೆ ತಿರುಗಿದೆ.

"ಬರ್ಕೊಳ್ಳಿ ಮೇಡಂ, ಗೋಡೆ ನಂದು. ನೀವು ಮತ್ತೆ ಬರೋದ್ರೊಳಗೆ ಸಿಮೆಂಟ್ ಇರಲ್ಲ."

ಅವರು ಗೋಡೆಗೆ ದಿಮ್ಮಿಗಳ ಆಸರೆ ಕೊಡಿಸಿ, ಎಲ್ಲಿಂದ ಶುರು ಮಾಡಬೇಕೆಂದು ತೋರಿಸಿ ಹೋದರು. ನಾನು ಉಳಿ ಸುತ್ತಿಗೆ ಹಿಡಿದೆ. ಸೂಜಿ ಹಿಡಿದ ಕೈಗೆ ಇದೇನು ಮಹಾ! ಸ್ವಲ್ಪ ಹೊತ್ತಿಗೆ ಭಾವ ಇನ್ನೊಂದು ಉಳಿ ಹಿಡಿದು ಇಳಿದು ಬಂದರು. ಕ್ಷಮಿಸು ಎನ್ನಲಿಲ್ಲ, ನಾನೂ ಕಾಯಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಅಂಗೈ ಬೊಬ್ಬೆ ಏಳುವವರೆಗೂ ಕೆತ್ತಿದರು, ಮರುದಿನವೂ ಬಂದರು. ಕಿಟಕಿಯ ಕಡೆ ಮಾತ್ರ ಮುಖ ಎತ್ತಲಿಲ್ಲ.

ಮೇಡಂ ಮತ್ತೆ ಬಂದು ಕಲ್ಲು ಕಲ್ಲನ್ನೂ ಮುಟ್ಟಿ ನೋಡಿದರು. ಮೂಲೆಯಲ್ಲಿ ಒಂದು ತೇಪೆ ಉಳಿದಿದೆ, ಅದನ್ನೂ ತೆಗೆಯಿರಿ, ಹಣ ಮಂಜೂರಾಗುತ್ತದೆ, ಕಲ್ಲು ಕಟ್ಟುವವರನ್ನು ಕಳಿಸುತ್ತೇನೆ ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವರು ಹೋದ ಮೇಲೆ ಭಾವ ನಿಧಾನವಾಗಿ ಕಿಟಕಿಯ ಬಳಿ ಹೋಗಿ ಸರಳು ಹಿಡಿದು ನಿಂತರು.

"ಅಮ್ಮಾ, ನೀನು ನನ್ನವಳು," ಎಂದರು.

ಅತ್ತೆ ಅವರನ್ನೇ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಗೊತ್ತು ಕಣೋ. ಆ ಮೂಲೇಲಿ ಇನ್ನೂ ಉಳಿದಿದೆಯಂತೆ, ಹೋಗಿ ತೆಗಿ."