ಅತ್ತೆಯ ಕೊರಳಿನ ಖಾಲಿ ಲಾಕೆಟ್ಟು

ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವವಳು ಎಂದು ನಮ್ಮ ಬೀದಿಯಲ್ಲಿ ನನಗೆ ಹೆಸರಿದೆ. ಇರಲಿ. ಆದರೆ ಲಾಕೆಟ್ಟಿಗೆ ಕೀಲು ಕೂರಿಸುವ ವಿಷಯದಲ್ಲಿ ನಾನು ಎಷ್ಟು ಹೇಳಿಕೊಂಡರೂ ಅದು ಕಡಿಮೆಯೇ. ನನ್ನ ಕೀಲಿನ ಲಾಕೆಟ್ಟು ಮುಚ್ಚುವಾಗ ‘ಟಿಕ್’ ಎಂದು ಒಂದು ಸದ್ದು ಬರುತ್ತದೆ. ಅದನ್ನು ಕೇಳಿ ಎದುರಂಗಡಿಯ ಗಡಿಯಾರಗಳೆಲ್ಲ ನಾಚಿ, ಒಂದು ಗಳಿಗೆ ನಿಂತು, ಆಮೇಲೆ ಮುಂದಕ್ಕೆ ಹೋಗುತ್ತವೆ. ಬೇಕಾದರೆ ಗಡಿಯಾರದವನನ್ನೇ ಕೇಳಿ. ಇಲ್ಲ ಎನ್ನುತ್ತಾನೆ. ಅವನು ಸುಳ್ಳುಗಾರ.

ನಮ್ಮದು ನೆನಪಿನ ಒಡವೆಗಳ ಅಂಗಡಿ. ಯಾರನ್ನಾದರೂ ಕೊರಳಲ್ಲಿ ಹೊತ್ತು ತಿರುಗಬೇಕು ಎನ್ನುವವರೆಲ್ಲ ಬರುವುದು ಇಲ್ಲಿಗೇ. ಮುಂದೆ ಗಾಜಿನ ಕಪಾಟು ಮತ್ತು ಅಣ್ಣ, ನಡುವೆ ನನ್ನ ಕೆಲಸದ ಮೇಜು, ಹಿಂದೆ ಕುಲುಮೆ, ಕುಲುಮೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಅತ್ತೆ. ಅಣ್ಣನನ್ನು ಮುಂದೆ ಕೂರಿಸಿರುವುದು ಅವನಿಗೆ ಬೇರೇನೂ ಬರುವುದಿಲ್ಲವಾದ್ದರಿಂದ. ತಲೆ ನುಣ್ಣಗೆ ತಾಮ್ರದ ತಂಬಿಗೆ. ಮೀಸೆ ಮಾತ್ರ, ಅಬ್ಬಾ! ಅದರ ಒಂದು ತುದಿ ಅಂಗಡಿಯಲ್ಲಿದ್ದರೆ ಇನ್ನೊಂದು ತುದಿ ಗಿರಾಕಿಯನ್ನು ಕರೆತರಲು ಬೀದಿಯ ತಿರುವಿನವರೆಗೆ ಹೋಗಿರುತ್ತದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಅಮ್ಮ ತೀರಿಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು. ಬೀದಿಯವರು ಇಟ್ಟ ಅಡ್ಡಹೆಸರು ಕತ್ತರಿ. ಕೈಯಲ್ಲಿರುವ ಕತ್ತರಿಗೋ ಬಾಯಲ್ಲಿರುವ ಕತ್ತರಿಗೋ ಎಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಅವಳ ಕಸುಬು ಕೂದಲು ಹೆಣೆಯುವುದು. ಫೋಟೋ ಅಗ್ಗವಾಗುವ ಮುಂಚೆ ಜನ ತಮ್ಮವರ ಕೂದಲನ್ನೇ ಒಡವೆ ಮಾಡಿಸಿಕೊಳ್ಳುತ್ತಿದ್ದರಂತೆ. ಸತ್ತ ಗಂಡನ ಕೂದಲಿನ ಉಂಗುರ, ದೂರ ಹೊರಟ ಮಗನ ಗಡಿಯಾರಕ್ಕೆ ತಾಯಿಯ ಜಡೆಯಿಂದ ಸರಪಳಿ, ಗಾಜಿನ ಕೆಳಗೆ ಕೂದಲಿನಲ್ಲೇ ಹೆಣೆದ ಎಲೆ, ಹೂವು. ಕದ್ದು ಪ್ರೀತಿಸುವವರು ಪ್ರಿಯರ ಒಂದೇ ಒಂದು ಕಣ್ಣಿನ ಚಿತ್ರ ಬರೆಸಿ ಪದಕದಲ್ಲಿ ಇಡಿಸುತ್ತಿದ್ದರು. ಬರೀ ಕಣ್ಣು ನೋಡಿ ಇಂಥವರೆಂದು ಯಾರು ತಾನೇ ಹೇಳಿಯಾರು? ತಾತ ಮಾಡಿಕೊಟ್ಟ ಅಂಥದೊಂದು ಕಣ್ಣು, ಆ ಹೆಂಗಸಿನ ಗಂಡ ಎದುರು ಬಂದಾಗಲೆಲ್ಲ ನಿದ್ದೆ ಬಂದಂತೆ ನಟಿಸುತ್ತಿತ್ತು ಎಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ. ಆಮೇಲೆ ಫೋಟೋ ಬಂತು. ಒಂದು ಕಡೆ ಕಿವಿ, ಇನ್ನೊಂದು ಕಡೆ ಗಲ್ಲ ಕತ್ತರಿಸಿ ಮುಖವನ್ನು ಲಾಕೆಟ್ಟಿಗೆ ತುರುಕುವ ಕಾಲ ಶುರುವಾಯಿತು. ಅತ್ತೆಗೆ ಕೆಲಸ ಕಡಿಮೆಯಾಯಿತು. ಬಾಯಿಗೆ ಕಡಿಮೆಯಾಗಲಿಲ್ಲ.

ಈ ಅಂಗಡಿಗೆ ತಾತ, ಅಂದರೆ ಅತ್ತೆಯ ಅಪ್ಪ, ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದರು. ಗಿರಾಕಿ ಕೂದಲನ್ನೋ ಚಿತ್ರವನ್ನೋ ತಂದುಕೊಟ್ಟು, ಅದನ್ನು ಒಳಗಿಟ್ಟ ಮೇಲೆಯೇ ಲಾಕೆಟ್ಟಿಗೆ ಮುಚ್ಚಳ ಕೂರಿಸಬೇಕು. ಇಡಲು ಏನೂ ತಾರದವರಿಗೆ ಮುಚ್ಚಳವಿಲ್ಲ. ತುಂಬಿದ್ದನ್ನು ಯಾವ ಕಾರಣಕ್ಕೂ ಕರಗಿಸಬಾರದು. ಮುಚ್ಚಳವಿದ್ದೂ ಒಳಗೇನೂ ಇಲ್ಲದ ಡಬ್ಬಿ ಈ ಮನೆಯಲ್ಲಿ ಕಂಡರೆ ನೇರ ಮೂಸೆಗೆ ಹಾಕಿ ಕರಗಿಸಬೇಕು. “ಖಾಲಿ ಡಬ್ಬಿ ಕುಲುಮೆಗೆ” ಎನ್ನುವುದು ನಮಗೆ ಹಾಲಿನ ಜೊತೆ ಕುಡಿಸಿದ ಮಾತು. ನಾನು ಮಾತು ಕಲಿಯುವ ಮೊದಲೇ ಅದನ್ನು ಹೇಳಿದೆನಂತೆ. ನಾನೇ ಹೇಳಿದ್ದು, ನಂಬಿ.

ಹೀಗಿರುವಾಗ ಅಣ್ಣನಿಗೆ ದೊಡ್ಡಸ್ತಿಕೆಯ ಹುಳ ಹೊಕ್ಕಿತು. ಕಪಾಟಿಗೆ ಹೊಸ ಗಾಜು ಹಾಕಿಸಿದ. ಆ ಗಾಜಿನ ಹಿಂದೆ ತೂಗುಹಾಕಲು ಕುಂಬಳಕಾಯಿ ಗಾತ್ರದ ಒಂದು ಲಾಕೆಟ್ಟು ಮಾಡಿಸಿದ. ಮೈ ಹಿತ್ತಾಳೆ, ಮೇಲೆ ಚಿನ್ನದ ನೀರು. ಅದರ ಕೀಲು ನನ್ನದೇ. ಆನೆ ಕೂತು ಉಯ್ಯಾಲೆಯಾಡಿದರೂ ಅಲುಗದ ಕೀಲು. ಉಳಿದದ್ದು ಮೇಲಿನ ಕೊಂಡಿ. “ಕೊಂಡಿಯಾದ್ರೂ ಅಪ್ಪಟ ಚಿನ್ನದ್ದಾಗ್ಬೇಕು, ನಮ್ಮ ಮನೆಯದೇ ಆಗ್ಬೇಕು” ಎಂದು ಅವನ ಹಟ. ಅತ್ತಿಗೆ ಕಿವಿ ಮುಟ್ಟಿ ನೋಡಿಕೊಂಡು, ಅಂದಿನಿಂದ ಓಲೆ ಕಳಚಿ ಎಲ್ಲೋ ಬಚ್ಚಿಟ್ಟಳು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರೆ. ಇವರಿಗೆ ಜುಟ್ಟೂ ಇಲ್ಲ” ಎಂದು ನನ್ನ ಕಿವಿಯಲ್ಲಿ ಉಸುರಿದಳು.

ಅದೇ ವಾರ ಅತ್ತೆಯ ಲಾಕೆಟ್ಟಿನ ಕೀಲು ಸಡಿಲವಾಗಬೇಕೆ!

ಅತ್ತೆಯ ಕೊರಳಲ್ಲಿ ಸದಾ ಒಂದು ಲಾಕೆಟ್ಟು ಇರುತ್ತಿತ್ತು. ಬಾದಾಮಿಯ ಆಕಾರ, ಸವೆದ ಚಿನ್ನ, ಬೆನ್ನಿನ ಮೇಲೊಂದು ತಗ್ಗು. ಅದನ್ನು ಅವಳು ಯಾರೆದುರೂ ತೆರೆದವಳಲ್ಲ. ಅದರೊಳಗೆ ಯಾರ ಕೂದಲಿದೆ ಎಂಬುದು ಬೀದಿಗೆಲ್ಲ ಕುತೂಹಲ. ಮುಳುಗಿದ ಹಡಗಿನ ನಾವಿಕನದು, ಸರ್ಕಸ್ಸಿನ ಸಿಂಹದವನದು, ಮದುವೆಯ ಬೆಳಿಗ್ಗೆ ಓಡಿಹೋದ ಕೊಳಲಿನವನದು ಎಂದೆಲ್ಲ ಜನ ಹೇಳುತ್ತಿದ್ದರು. ಆ ಮೂವರನ್ನೂ ಹುಟ್ಟಿಸಿದವಳು ನಾನೇ. ಇನ್ನೂ ಹತ್ತು ಜನರನ್ನು ಹುಟ್ಟಿಸುವ ತಾಕತ್ತು ನನಗಿತ್ತು.

ಅವಳು ಅದನ್ನು ನನ್ನ ಮೇಜಿನ ಮೇಲಿಟ್ಟು, “ಕೀಲು ಬಿಗಿ ಮಾಡು. ಬಾಯಿ ಬಿಗಿ ಹಿಡ್ಕೊ” ಎಂದಳು. ನಾನು ಸೂಜಿಯ ಮೊನೆಯಿಂದ ಮುಚ್ಚಳ ಎತ್ತಿದೆ. ಒಳಗೆ ಏನೂ ಇರಲಿಲ್ಲ. ಗಾಜಿಲ್ಲ, ಕೂದಲಿಲ್ಲ, ಅಂಟಿನ ಕಲೆಯೂ ಇಲ್ಲ. ನನ್ನ ಮೂರೂ ಜನ ಪ್ರಿಯಕರರು ಒಂದೇ ಏಟಿಗೆ ಸತ್ತರು.

ಬೆನ್ನ ಹಿಂದೆ ಮೀಸೆಯ ಗಾಳಿ ಬೀಸಿತು. ಅಣ್ಣ ಇಣುಕುತ್ತಿದ್ದ.

“ಖಾಲಿ!” ಎಂದು ಕೂಗಿದ. “ಅತ್ತೇ, ಇದು ಖಾಲಿ ಇದೆ!”

“ಗೊತ್ತು” ಎಂದಳು ಅತ್ತೆ ಮೂಲೆಯಿಂದ. “ನನ್ನದಲ್ವಾ?”

“ಮುಚ್ಚಳ ಇರೋ ಖಾಲಿ ಡಬ್ಬಿ. ತಾತ ಏನು ಹೇಳಿದ್ರು? ನನ್ನ ಕೊಂಡಿಗೆ ಸರಿಯಾಗಿ ಆಗುತ್ತೆ ನೋಡು.”

“ಕೊಡಲ್ಲ.”

“ನಾನು ಕೇಳ್ತಿಲ್ಲ ಅತ್ತೆ, ತಾತನ ಕಟ್ಟಳೆ ಕೇಳ್ತಿದೆ. ಬೇರೆಯವರು ತಪ್ಪಿದಾಗ ಇಡೀ ಬೀದಿ ಕೇಳೋ ಹಾಗೆ ಅದನ್ನ ಒದರ್ತಿದ್ದೋಳು ನೀನೇ ತಾನೇ? ಈಗ ನಿನಗೊಂದು ನ್ಯಾಯ, ನಮಗೊಂದು ನ್ಯಾಯವಾ?”

ಅತ್ತೆ ಅವನನ್ನೇ ದಿಟ್ಟಿಸಿದಳು. ಕುಲುಮೆಯ ಕೆಂಡ ತಣ್ಣಗಾಯಿತು ಎಂದರೆ ನೀವು ನಂಬಲಿಕ್ಕಿಲ್ಲ, ಸ್ವಲ್ಪ ತಣ್ಣಗಾಯಿತು.

“ಸರಿ” ಎಂದಳು. “ನಾಳೆ ಬೆಳಿಗ್ಗೆ ಮೇಜಿನ ಮೇಲಿಟ್ಟು ಎಲ್ಲರ ಎದುರಿಗೆ ತೆಗಿ. ಕಟ್ಟಳೆ ಏನು ಹೇಳುತ್ತೋ ಹಾಗೆ ಆಗ್ಲಿ.”

ಆ ಲಾಕೆಟ್ಟಿಲ್ಲದ ಅತ್ತೆಯ ಕೊರಳನ್ನು ನಾನು ಹುಟ್ಟಿದ ಮೇಲೆ ನೋಡಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವಳ ಎದೆಗೆ ತಲೆಯಿಟ್ಟು ಮಲಗಿದರೆ ಅದೇ ತಣ್ಣಗೆ ಕೆನ್ನೆಗೆ ತಾಗುತ್ತಿತ್ತು. ಅದು ಅಣ್ಣನ ಕುಂಬಳಕಾಯಿಗೆ ತೊಟ್ಟಾಗುವುದೆ? ಸಾಧ್ಯವೇ ಇಲ್ಲ!

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಉಪಾಯ ಹೂಡಲು ನನ್ನಂಥವಳು ಹತ್ತು ಊರಿಗೊಬ್ಬಳು. ಎಲ್ಲರೂ ಊಟಕ್ಕೆ ಎದ್ದಾಗ ನಾನೊಬ್ಬಳೇ ಮೇಜಿನಲ್ಲಿ ಉಳಿದೆ. ನನ್ನ ಜಡೆಯ ತುದಿ ಕತ್ತರಿಸಿ, ಮೂರೆಳೆ ಹೆಣೆದು, ಸುರುಳಿ ಸುತ್ತಿ ಒಳಗಿಟ್ಟು, ಕೀಲು ಬಿಗಿ ಮಾಡಿ ಟಿಕ್ ಎಂದು ಮುಚ್ಚಿದೆ. ತುಂಬಿದ ಡಬ್ಬಿ! ಇನ್ನು ಕಟ್ಟಳೆಯೇ ಅದಕ್ಕೆ ಕಾವಲು. ಆ ಸುರುಳಿ ಎಷ್ಟು ಚೆಂದವಿತ್ತೆಂದರೆ ಅದನ್ನು ನೋಡಿದ್ದರೆ ನನ್ನ ನಾವಿಕ ಮುಳುಗಿದ ಹಡಗಿನಿಂದ ಎದ್ದು ಬರುತ್ತಿದ್ದ.

ಮರುದಿನ ಬೆಳಿಗ್ಗೆ ಅಣ್ಣ ಮೀಸೆಗೆ ಎಣ್ಣೆ ತೀಡಿಕೊಂಡು ಬಂದ. ಕುಲುಮೆ ಉರಿಯುತ್ತಿತ್ತು, ಮೂಸೆ ಕಾದಿತ್ತು. ಸಾಕ್ಷಿಗೆಂದು ಗಡಿಯಾರದವನನ್ನು ಕರೆಸಿದ್ದ. ಅತ್ತಿಗೆ ಓಲೆಯಿಲ್ಲದ ಕಿವಿಗಳನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಹಿತ್ತಾಳೆಯ ಕುಂಬಳಕಾಯಿ ಸ್ಟೂಲಿನ ಮೇಲೆ ಕೂತು ಹೊಳೆಯುತ್ತಿತ್ತು.

ಅಣ್ಣ ಲಾಕೆಟ್ಟನ್ನು ಎತ್ತಿ ಹಿಡಿದು ಉಗುರಿನಿಂದ ಮುಚ್ಚಳ ತೆರೆದ. ಮೀಸೆ ಜೋತುಬಿತ್ತು.

“ಕೂದಲು!” ಎಂದ ಗಡಿಯಾರದವನು. “ತುಂಬಿದೆ ಕಣಯ್ಯ. ಕುಲುಮೆ ಆರಿಸು, ಇಲ್ಲಾ ಕಾಫಿಗಾದ್ರೂ ನೀರಿಡು.”

“ನಿನ್ನೆ ಖಾಲಿಯಿತ್ತು! ನನ್ನ ಕಣ್ಣಾರೆ ನೋಡಿದೀನಿ!”

“ನಿನ್ನ ಕಣ್ಣಿಗೆ ಮೀಸೆ ಅಡ್ಡ ಬಂದಿರ್ಬೇಕು” ಎಂದೆ ನಾನು, ಹಾಲು ಕುಡಿದ ಬೆಕ್ಕಿನ ಹಾಗೆ.

ಗೆದ್ದೆವು. ಅತ್ತೆ ಸುಮ್ಮನೆ ಕೈ ಚಾಚಿ ಲಾಕೆಟ್ಟನ್ನು ಕೊರಳಿಗೆ ಹಾಕಿಕೊಂಡಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಕೈ ಚಾಚಿದಳು. ಸುರುಳಿಯನ್ನು ಎತ್ತಿದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹೊಸಕಿದಳು.

“ಕೂದಲಿಗೆ ಬಣ್ಣ ಹಚ್ಚಿದೆ” ಎಂದಳು. “ತುದಿ ಸೀಳಿದೆ. ಇದು ನಮ್ಮ ಹುಡುಗಿಯದು. ಹೆಣಿಗೆ ನೋಡು, ಎಮ್ಮೆ ಕಟ್ಟೋ ಹಗ್ಗದ ಹಾಗಿದೆ.”

“ಅತ್ತೇ!” ಎಂದೆ. ಬಣ್ಣ ಹಚ್ಚಿದ್ದು ಬೀದಿಗೆ ಗೊತ್ತಿರಲಿಲ್ಲ.

“ಏನು ಅತ್ತೇ? ನನ್ನ ಡಬ್ಬಿ ತುಂಬ್ಸು ಅಂತ ನಿನ್ನ ಕೇಳಿದ್ನಾ?” ಎಂದವಳೇ ಸುರುಳಿಯನ್ನು ನನ್ನ ಅಂಗೈಗೆ ಹಾಕಿದಳು. ತೆರೆದ ಲಾಕೆಟ್ಟನ್ನು ಅಣ್ಣನ ಮೂಗಿನ ಕೆಳಗೆ ಹಿಡಿದಳು. “ನೋಡು, ಖಾಲಿ. ಚೆನ್ನಾಗಿ ನೋಡ್ಕೊ.”

ಅಣ್ಣನಿಗೆ ಹೋದ ಜೀವ ಬಂತು. “ನೀನೇ ಹೇಳ್ದೆ! ಸರಿ ಹಾಗಾದ್ರೆ, ಮೂಸೆಗೆ ಕೊಡು.”

“ಆತುರಗಾರನಿಗೆ ಬುದ್ಧಿ ಮಟ್ಟ. ತಡ್ಕೊ.” ಅತ್ತೆ ಮುಚ್ಚಳ ಮುಚ್ಚಿ ಲಾಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. “ಈ ಬೆರಳು ಎಷ್ಟು ಜನರ ತಲೆಗೂದಲು ಹೆಣೆದಿದೆ ಗೊತ್ತೇನೋ ನಿನಗೆ? ಅವರ ಗಂಡ, ಇವರ ಮಗು, ಯಾರ್ಯಾರದೋ ಅಮ್ಮ. ಅವರು ಅಳ್ತಾ ಕೂತಿರ್ತಿದ್ರು, ನಾನು ಹೆಣೀತಾ ಕೂತಿರ್ತಿದ್ದೆ. ಹೋಗ್ತಾ ಎಲ್ಲರೂ ಒಂದೇ ಮಾತು ಕೇಳೋರು. ‘ನಿನಗೆ ಯಾರಿದ್ದಾರಮ್ಮ?’ ಅಂತ. ಯಾರಾದ್ರೂ ಇರ್ಲೇಬೇಕು ಅನ್ನೋ ಹಾಗೆ. ಇಲ್ಲ ಅಂದ್ರೆ ಅಯ್ಯೋ ಪಾಪ ಅನ್ನೋರು. ನಾನೇನು ಅವರ ಪಾಪ ಸಾಲ ಕೇಳಿದ್ನಾ? ಅಪ್ಪನಿಗೆ ಹೇಳ್ದೆ, ನನಗೂ ಒಂದು ಲಾಕೆಟ್ಟು ಮಾಡ್ಕೊಡು ಅಂತ. ಒಳಗೆ ಯಾರದ್ದು ಅಂದ. ಯಾರದ್ದೂ ಇಲ್ಲ ಅಂದೆ. ಊರಿನವರ ನೆನಪಿಗೆಲ್ಲ ನನ್ನ ಬೆರಳು ಕೊಟ್ಟಿದೀನಿ, ಇದೊಂದು ಕೋಣೆಗೆ ಬಾಡಿಗೆಯವರು ಬೇಡ ಅಂದೆ.”

“ತಾತ ಏನಂದ್ರು?” ಎಂದಳು ಅತ್ತಿಗೆ. ಅವಳ ಕಣ್ಣು ಅಷ್ಟು ಅಗಲವಾದದ್ದನ್ನು ನಾನು ಕಂಡಿರಲಿಲ್ಲ.

“ಬೈದ. ಆಮೇಲೆ ತಾನೇ ಮುಚ್ಚಳ ಕೂರಿಸಿ ಕೊಟ್ಟ. ಸಾಯೋವರೆಗೂ ದಿನಾ ಇದನ್ನ ನನ್ನ ಕೊರಳಲ್ಲಿ ನೋಡಿದ. ಒಂದು ದಿನಾನೂ ಮೂಸೆಯ ಮಾತು ಎತ್ಲಿಲ್ಲ.”

“ಅದಕ್ಕೆ ಸಾಕ್ಷಿ ಎಲ್ಲಿದೆ?” ಎಂದ ಅಣ್ಣ. ಸೋಲುವಾಗ ಅವನು ವಕೀಲನಾಗುತ್ತಾನೆ. “ಕಟ್ಟಳೆ ಅಂದ್ರೆ ಕಟ್ಟಳೆ. ಮುಚ್ಚಳ ಇದ್ದು ಒಳಗೆ ಏನೂ ಇಲ್ದಿದ್ರೆ ಕುಲುಮೆಗೆ. ಯಾರದ್ದಾದ್ರೂ ಸರಿ.”

“ಯಾರದ್ದಾದ್ರೂ ಸರಿ?”

“ಯಾರದ್ದಾದ್ರೂ!”

“ಗಡಿಯಾರದಪ್ಪ, ಕೇಳಿಸ್ಕೊಂಡ್ಯಲ್ಲ?” ಎಂದು ಅತ್ತೆ ಮೆಲ್ಲಗೆ ಎದ್ದಳು. ಕೋಲು ಊರುತ್ತ ಸ್ಟೂಲಿನ ಹತ್ತಿರ ಹೋದಳು. ಆ ಕುಂಬಳಕಾಯಿ ಲಾಕೆಟ್ಟಿನ ನೆತ್ತಿಗೆ ಕೋಲಿನಿಂದ ಟಣ್ ಎಂದು ಬಡಿದಳು. ಖಾಲಿ ಕೊಡದ ಸದ್ದು ಅಂಗಡಿ ತುಂಬಿತು.

“ಇದರೊಳಗೆ ಯಾರಿದ್ದಾರೋ ಮಗನೆ?”

ಮುಚ್ಚಳ ಕೂರಿಸಿದ ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಕೀಲಿನ ಚೆಂದದಲ್ಲಿ ಮೈಮರೆತು ಕಟ್ಟಳೆಯನ್ನು ನುಂಗಿ ನೀರು ಕುಡಿದಿದ್ದೆ. ಆದರೂ ಎಂಥ ಕೀಲು!

“ಅದು... ಅದು ನೋಡೋಕೆ ಇರೋದು ಅತ್ತೆ. ಗಾಜಿನ ಹಿಂದೆ ಇಡೋಕೆ.”

“ಮುಚ್ಚಳ ಇದೆ. ಒಳಗೆ ಏನೂ ಇಲ್ಲ. ಚಿನ್ನವೋ ಹಿತ್ತಾಳೆಯೋ ಅಂತ ಅಪ್ಪ ಭೇದ ಮಾಡಿರ್ಲಿಲ್ಲ. ದೊಡ್ಡದು ಮೊದಲು ಹೋಗ್ಲಿ, ಚಿಕ್ಕದು ಹಿಂದೆ ಬರುತ್ತೆ. ತಗೊ, ಎತ್ತು. ಸುತ್ತಿಗೆ ಬೇಕಾ? ನಾನೇ ಕೊಡ್ತೀನಿ.”

ಗಡಿಯಾರದವನು ಗೋಡೆಗೆ ಮುಖ ಮಾಡಿಕೊಂಡು ನಕ್ಕ. ಅವನ ಹೆಗಲು ಕುಣಿಯುವುದು ಬೀದಿಗೂ ಕಾಣುತ್ತಿತ್ತು.

“ಅತ್ತೆ, ಅದಕ್ಕೆ ಎರಡು ತಿಂಗಳು ಕೆಲಸ ಆಗಿದೆ...”

“ಇದಕ್ಕೆ ನನ್ನ ಆಯಸ್ಸೇ ಆಗಿದೆ.”

ಕುಂಬಳಕಾಯಿ ಉಳಿಯಬೇಕಾದರೆ ಅದರೊಳಗೆ ಯಾರದಾದರೂ ಕೂದಲು ಬೀಳಬೇಕು. ಅಣ್ಣ ನನ್ನನ್ನು ನೋಡಿದ. ನಾನು ಅಂಗೈಯಲ್ಲಿದ್ದ ನನ್ನ ಕೂದಲಿನ ಸುರುಳಿಯನ್ನು ಗಬಕ್ಕನೆ ಜೇಬಿಗೆ ಹಾಕಿಕೊಂಡೆ. ಅತ್ತಿಗೆಯನ್ನು ನೋಡಿದ. ಅವಳು ಎರಡೂ ಕೈಗಳಿಂದ ಜಡೆ ಹಿಡಿದುಕೊಂಡು, “ನನ್ನದು ಕೇಳಿದ್ರೆ ನಾನು ತವರಿಗೆ ಹೋಗ್ತೀನಿ” ಎಂದಳು. ಅವನ ಕೈ ತಾನಾಗಿ ತನ್ನ ತಲೆಯ ಮೇಲೆ ಹೋಯಿತು. ಅಲ್ಲಿ ಏನು ಸಿಗುತ್ತದೆ, ನುಣುಪು. ಕೈ ಮೆಲ್ಲಗೆ ಕೆಳಗಿಳಿಯಿತು. ಮೂಗಿನ ಕೆಳಗೆ ಬಂದು ನಿಂತಿತು.

“ಬೇಡ್ರೀ!” ಎಂದು ಅತ್ತಿಗೆ ಕಿರುಚಿದಳು. ಆ ಕಿರುಚಾಟದಲ್ಲಿ ಅರ್ಧ ಸಂತೋಷವಿತ್ತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನಮ್ಮ ಜಟ್ಟಿ ನಿಂತೇ ಇದ್ದ, ಮೀಸೆ ಹೋಯಿತು. ಅತ್ತೆ ತನ್ನ ಹಳೆಯ ಕತ್ತರಿಯಿಂದಲೇ ಎರಡೂ ಕಡೆ ಬುಡಕ್ಕೇ ಕತ್ತರಿಸಿದಳು. ಆ ಗಳಿಗೆ ಬೀದಿಯ ನಾಯಿಗಳೆಲ್ಲ ಮರ್ಯಾದೆಗೆಂದು ಎದ್ದು ನಿಂತವು. ಅತ್ತೆ ಕನ್ನಡಕ ಏರಿಸಿ, ಮೇಣ ಸವರಿ, ಅದನ್ನು ಏಳೆಳೆಯಲ್ಲಿ ಹೆಣೆದಳು. ಇಷ್ಟು ಗಿಡ್ಡ ಕೂದಲನ್ನು ಅವಳ ಕೈ ಎಂದೂ ಹೆಣೆದಿರಲಿಲ್ಲವಂತೆ. ಆದರೂ ಹೆಣಿಗೆಯಲ್ಲಿ ಕಾಳು ಸಹಿತ ಒಂದು ಗೋಧಿಯ ತೆನೆ ಮೂಡಿತು. ನಾನು ಬಾಯಿಬಿಟ್ಟುಕೊಂಡು ನೋಡಿದೆ. ನನ್ನ ಸುರುಳಿ ನಿಜವಾಗಿಯೂ ಎಮ್ಮೆಯ ಹಗ್ಗವೇ. ಇದನ್ನು ಯಾರಿಗೂ ಹೇಳಬೇಡಿ.

ಈಗ ಆ ದೊಡ್ಡ ಲಾಕೆಟ್ಟು ಹೊಸ ಗಾಜಿನ ಹಿಂದೆ ತೂಗುತ್ತಿದೆ. ಕೊಂಡಿ ಕಬ್ಬಿಣದ್ದು. ಒಳಗೆ ಕುಂಬಳಕಾಯಿಯಷ್ಟು ಜಾಗದ ನಟ್ಟನಡುವೆ ಅಣ್ಣನ ಮೀಸೆ ಮಲಗಿದೆ. ಯಾರದು ಎಂದು ಗಿರಾಕಿಗಳು ಕೇಳಿದರೆ ನಾನು ಯುದ್ಧದಲ್ಲಿ ಬಿದ್ದ ಒಬ್ಬ ಸೇನಾಪತಿಯ ಹೆಸರು ಹೇಳುತ್ತೇನೆ. ಅಣ್ಣ ಪಕ್ಕದಲ್ಲೇ ಕೂತು ಬೋಳು ಮೇಲ್ದುಟಿ ಸವರಿಕೊಳ್ಳುತ್ತಾನೆ.

ದೊಡ್ಡದು ಮೂಸೆಗೆ ಹೋಗಲಿಲ್ಲವಾದ್ದರಿಂದ, ಅದರ ಹಿಂದೆ ಹೋಗಬೇಕಿದ್ದ ಅತ್ತೆಯ ಲಾಕೆಟ್ಟೂ ಅತ್ತೆಯ ಕೊರಳಲ್ಲೇ ಇದೆ. ಮೊದಲು ಹೊರಗಿನವರು ಬಂದರೆ ಸೆರಗಿನ ಒಳಗೆ ಹೋಗುತ್ತಿತ್ತು, ಈಗ ಹೊರಗೇ. ಕೂದಲು ಹೆಣೆಸಲು ಬಂದವರು ಇಂದಿಗೂ ಹೊರಡುವಾಗ, “ನಿಮಗೆ ಯಾರಿದ್ದಾರಮ್ಮ?” ಎಂದು ಕೇಳುತ್ತಾರೆ. ಅವಳು ಅದನ್ನು ಅವರ ಕಣ್ಣೆದುರಿಗೆ ಹಿಡಿದು ತೆರೆಯುತ್ತಾಳೆ.

“ನೋಡಿ” ಎನ್ನುತ್ತಾಳೆ. “ಯಾರೂ ಇಲ್ಲ. ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದೀನಿ ಅಲ್ವಾ?”

ಅವರು ಅಯ್ಯೋ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಟಿಕ್ ಎಂದು ಮುಚ್ಚುತ್ತಾಳೆ. ಎದುರಂಗಡಿಯ ಗಡಿಯಾರಗಳೆಲ್ಲ ನಿಲ್ಲುತ್ತವೆ.